ರಕ್ಷಣಾ ವೀಸಾ ತಿರಸ್ಕಾರ: ಕೋರ್ಟು ಓದುವುದು ಯಾರ ಕಥೆಯನ್ನು?

ಪ್ರಶ್ನೆ: ನಾನು ದಾವಣಗೆರೆಯ ವಿದ್ಯಾನಗರದವನು, ನಿವೃತ್ತ ಶಿಕ್ಷಕ. ನಮ್ಮ ಅಣ್ಣನ ಮಗ ಚನ್ನಗಿರಿ ತಾಲ್ಲೂಕಿನ ಹುಡುಗಿಯನ್ನು ಪ್ರೀತಿಸಿ ಮದುವೆಯಾದ. ಜಾತಿ ಬೇರೆ. ಹುಡುಗಿಯ ಕಡೆಯವರು ಒಮ್ಮೆ ಅವನನ್ನು ಹಿಡಿದು ಹೊಡೆದಿದ್ದಾರೆ. ಪೊಲೀಸ್ ದೂರೂ ದಾಖಲಾಗಿದೆ. ಆಮೇಲೆ ಅವನು ವಿದ್ಯಾರ್ಥಿ ವೀಸಾದಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೋದ, ಹೆಂಡತಿಯೂ ಜೊತೆಗಿದ್ದಾಳೆ. ಅಲ್ಲಿ ಏಜೆಂಟರೊಬ್ಬರ ಮೂಲಕ ರಕ್ಷಣಾ ವೀಸಾಗೆ, ಅಂದರೆ ಊರಿಗೆ ಮರಳಿದರೆ ಅಪಾಯವಿದೆ ಎನ್ನುವವರಿಗೆ ಆ ದೇಶ ಕೊಡುವ ಆಶ್ರಯದ ವೀಸಾಗೆ, ಅರ್ಜಿ ಹಾಕಿದ. ವೀಸಾ ಕೊಡುವ ಇಲಾಖೆ ತಿರಸ್ಕರಿಸಿತು, ಅದರ ತೀರ್ಮಾನವನ್ನು ಮರುಪರಿಶೀಲಿಸುವ ನ್ಯಾಯಮಂಡಳಿಯೂ ಅದನ್ನೇ ಎತ್ತಿಹಿಡಿಯಿತು. ಆದೇಶವಾಗಿ ಇಂದಿಗೆ ಹತ್ತೊಂಬತ್ತು ದಿನ. ಕೋರ್ಟಿಗೆ ಹೋದರೆ ಗೆಲುವು ಖಚಿತ, ಎಫ್‌ಐಆರ್ ಪ್ರತಿ, ಊರ ಹಿರಿಯರ ಪತ್ರ, ನೋಟರಿ ಮಾಡಿಸಿದ ಅಫಿಡವಿಟ್‌ಗಳು ಮತ್ತು ನಾಲ್ಕು ಲಕ್ಷ ರೂಪಾಯಿ ಕಳಿಸಿ ಎನ್ನುತ್ತಿದ್ದಾರೆ ಏಜೆಂಟರು. ಎಫ್‌ಐಆರ್ ಪ್ರತಿಯನ್ನು ಮೊದಲೇ ಕೊಟ್ಟಿದ್ದೆವು, ಅವರು ಸಲ್ಲಿಸಿರಲೇ ಇಲ್ಲವಂತೆ. ಅಡಿಕೆ ಮಾರಿದ ಹಣ ಕೈಯಲ್ಲಿದೆ. ಕಳಿಸಬೇಕೇ? ಸೋತು ಊರಿಗೆ ಬಂದರೆ ಅವನ ಮೇಲೆ ಇಲ್ಲಿ ಕೇಸು ಆಗುತ್ತದೆಯೇ?

ಉತ್ತರ: ಮೇಷ್ಟ್ರೇ, ಗಡುವಿನ ವಿಷಯವನ್ನು ನಿಮ್ಮ ಪತ್ರ ಓದಿದ ದಿನವೇ ಫೋನಿನಲ್ಲಿ ತಿಳಿಸಿದ್ದೇನೆ. ಇಂಥದೇ ಸ್ಥಿತಿಯಲ್ಲಿರುವ ಬೇರೆ ಮನೆಗಳಿಗೂ ಉಪಯೋಗವಾಗಲೆಂದು ಇನ್ನೊಮ್ಮೆ ಹೇಳುತ್ತೇನೆ. ನ್ಯಾಯಮಂಡಳಿಯ ತೀರ್ಮಾನದ ವಿರುದ್ಧ ಅಲ್ಲಿನ ಫೆಡರಲ್ ಸರ್ಕ್ಯೂಟ್ ಮತ್ತು ಕೌಟುಂಬಿಕ ನ್ಯಾಯಾಲಯದ ಎರಡನೇ ವಿಭಾಗಕ್ಕೆ ಹೋಗಲು ಇರುವುದು 35 ದಿನ. ಎಣಿಕೆ ಆದೇಶದ ಮೇಲಿರುವ ದಿನಾಂಕದಿಂದ ಶುರುವಾಗುತ್ತದೆ. ಇ-ಮೇಲ್ ಯಾವಾಗ ತೆರೆದಿರಿ, ಏಜೆಂಟರು ಯಾವಾಗ ತಿಳಿಸಿದರು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ತಡವಾದರೆ ಅವಧಿ ವಿಸ್ತರಣೆ ಕೇಳಬಹುದು, ಆದರೆ ಅದು ನ್ಯಾಯಾಲಯದ ವಿವೇಚನೆ. ವಿಸ್ತರಣೆ ನಿರಾಕರಿಸಿದರೆ ಆ ನಿರಾಕರಣೆಯ ಮೇಲೆ ಸಾಮಾನ್ಯ ಮೇಲ್ಮನವಿಯೂ ಇಲ್ಲ. ನಿಮಗೆ ಉಳಿದಿದ್ದದ್ದು ಹದಿನಾರು ದಿನ. ಹುಡುಗನೂ ಅವನ ಹೆಂಡತಿಯೂ ಬ್ರಿಡ್ಜಿಂಗ್ ವೀಸಾದ ಮೇಲೆ, ಅಂದರೆ ತೀರ್ಮಾನ ಆಗುವವರೆಗೆ ಅಲ್ಲಿರಲು ಕೊಡುವ ತಾತ್ಕಾಲಿಕ ವೀಸಾದ ಮೇಲೆ, ಇದ್ದಾರೆಂದುಕೊಂಡಿದ್ದೇನೆ. ಕೋರ್ಟಿಗೆ ಅರ್ಜಿ ಬಿದ್ದ ಮಾತ್ರಕ್ಕೆ ಅದು ತಾನಾಗಿ ಮುಂದುವರಿಯುತ್ತದೆಂದು ಭಾವಿಸಬಾರದು. ಹಳೆಯದು ಮುಗಿಯುವ ಮೊದಲೇ ಹೊಸದಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕು.

ಇನ್ನು ನಾಲ್ಕು ಲಕ್ಷ. ಈ ವಾರ ಕಳಿಸಬೇಡಿ. ಹಾಗೆಂದು ಕೋರ್ಟಿಗೇ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ನೀವು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಆದೇಶದ ಪುಟಗಳಲ್ಲಿ ಏಜೆಂಟರಿಗೆ ಕಾಣದ ಒಂದು ಸಂಗತಿ ನನಗೆ ಕಂಡಿದೆ. ಅಲ್ಲಿಗೆ ಬರುವ ಮೊದಲು ಕೋರ್ಟು ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಎಂಬುದು ನಿಮ್ಮ ಮನಸ್ಸಿಗೆ ಬರಬೇಕು. ಇಲ್ಲವಾದರೆ ಎಫ್‌ಐಆರ್ ಪ್ರತಿ ಹಿಡಿದು ವ್ಯರ್ಥವಾಗಿ ಓಡಾಡುತ್ತೀರಿ.

ನಮ್ಮ ಕಡೆಯ ಬಗರ್ ಹುಕುಂ ಅರ್ಜಿಯನ್ನೇ ನೆನೆಸಿಕೊಳ್ಳಿ. ಹೊಳಲ್ಕೆರೆಯಲ್ಲೋ ಚನ್ನಗಿರಿಯಲ್ಲೋ ಒಬ್ಬ ರೈತನ ಅರ್ಜಿ ವಜಾ ಆಗುತ್ತದೆ. ಅವನು ಬೆಂಗಳೂರಿಗೆ ಹೋಗಿ ಹೈಕೋರ್ಟಿನಲ್ಲಿ ರಿಟ್ ಹಾಕುತ್ತಾನೆ. ನ್ಯಾಯಮೂರ್ತಿಗಳು ಹೊಲಕ್ಕೆ ಬಂದು ಎಷ್ಟು ವರ್ಷದಿಂದ ಉಳುತ್ತಿದ್ದೀಯೆ ಎಂದು ಕೇಳುವುದಿಲ್ಲ. ಅರ್ಜಿದಾರನಿಗೆ ನೋಟಿಸ್ ಕೊಟ್ಟಿದ್ದರೇ, ಅವನ ಮಾತು ಕೇಳಿದ್ದರೇ, ಕಾನೂನು ಕೇಳು ಎಂದ ಪ್ರಶ್ನೆಯನ್ನೇ ಕೇಳಿಕೊಂಡಿದ್ದರೇ ಎಂದು ನೋಡುತ್ತಾರೆ. ಲೋಪವಿದ್ದರೆ ಆದೇಶ ರದ್ದುಪಡಿಸಿ, ಕಾನೂನಿನ ಪ್ರಕಾರ ಮರುಪರಿಶೀಲಿಸಿ ಎಂದು ಕಡತವನ್ನು ವಾಪಸ್ ಕಳಿಸುತ್ತಾರೆ. ರೈತ ಗೆದ್ದ, ಆದರೆ ಭೂಮಿ ಇನ್ನೂ ಸಿಕ್ಕಿಲ್ಲ. ಆಸ್ಟ್ರೇಲಿಯಾದಲ್ಲಿಯೂ ನಡೆಯುವುದು ಇದೇ. ನಮ್ಮ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟು ಹೊರಡಿಸುವ ರಿಟ್‌ಗಳಾದ ಸರ್ಷಿಯೊರರಿ, ಮ್ಯಾಂಡಮಸ್‌ಗಳೂ ಅಲ್ಲಿನ ಕೋರ್ಟುಗಳು ಹೊರಡಿಸುವ ಆಜ್ಞೆಗಳೂ ಒಂದೇ ಇಂಗ್ಲಿಷ್ ಬೇರಿನ ಚಿಗುರುಗಳು.

ಇದನ್ನು ನ್ಯಾಯಾಂಗ ಪರಾಮರ್ಶೆ ಎನ್ನುತ್ತೇವೆ. ಮೇಲ್ಮನವಿ ಬೇರೆ, ಇದು ಬೇರೆ. ಇಲಾಖೆಯ ತಿರಸ್ಕಾರದ ಮೇಲೆ ನ್ಯಾಯಮಂಡಳಿಗೆ ಹೋದಾಗ ಅಲ್ಲಿ ಕಥೆಯನ್ನು ಮೊದಲಿನಿಂದ ಕೇಳುತ್ತಿದ್ದರು, ಹೊಸ ದಾಖಲೆಗೂ ಜಾಗವಿತ್ತು. ಹಳೆಯ ಆಡಳಿತ ಮೇಲ್ಮನವಿ ನ್ಯಾಯಮಂಡಳಿ ರದ್ದಾಗಿ 2024ರ ಅಕ್ಟೋಬರ್ 14ರಿಂದ ಆಡಳಿತ ಪುನರ್ವಿಮರ್ಶಾ ನ್ಯಾಯಮಂಡಳಿ ಬಂದಿದೆ. ಹೆಸರು ಬದಲಾದರೂ ಈ ಗುಣ ಬದಲಾಗಿಲ್ಲ. ನಿಮ್ಮ ಎಫ್‌ಐಆರ್, ಹಿರಿಯರ ಪತ್ರ ಸೇರಬೇಕಿದ್ದದ್ದು ಆ ಕಡತಕ್ಕೆ. ಕೋರ್ಟಿನಲ್ಲಿ ಪ್ರತಿವಾದಿಯಾದ ಸರ್ಕಾರದ ವಕೀಲರು ಎದ್ದು ನಿಂತು, ಇದು ನ್ಯಾಯಮಂಡಳಿಯ ಮುಂದೆ ಇರಲಿಲ್ಲ ಎನ್ನುತ್ತಾರೆ. ನ್ಯಾಯಾಧೀಶರು ತಲೆಯಾಡಿಸುತ್ತಾರೆ. ಅಲ್ಲಿಗೆ ನಿಮ್ಮ ನೋಟರಿ ಖರ್ಚು ಮುಗಿಯಿತು. ನ್ಯಾಯಮಂಡಳಿ ಹೇಗೆ ಎಡವಿತು ಎಂದು ತೋರಿಸುವ ಸಾಕ್ಷ್ಯಕ್ಕೆ ಮಾತ್ರ, ಉದಾಹರಣೆಗೆ ವಿಚಾರಣೆಯ ಧ್ವನಿಮುದ್ರಣ ಅಥವಾ ಅದರ ಅಕ್ಷರರೂಪಕ್ಕೆ, ಅಲ್ಲಿ ಪ್ರವೇಶವಿದೆ.

ಆ ಎಡವುವಿಕೆಗೆ ಅವರ ಕಾನೂನಿನಲ್ಲಿ ಅಧಿಕಾರವ್ಯಾಪ್ತಿಯ ಲೋಪ ಎಂದು ಹೆಸರು. 2001ರಲ್ಲಿ ಅಲ್ಲಿನ ಸಂಸತ್ತು ವಲಸೆ ತೀರ್ಮಾನಗಳನ್ನು ಕೋರ್ಟು ಮುಟ್ಟದಂತೆ ಕಾಯ್ದೆಗೆ ಬೀಗ ಹಾಕಲು ನೋಡಿತು. 2003ರಲ್ಲಿ ಎಸ್157 ಎಂಬ ಗುಪ್ತನಾಮದ ಅರ್ಜಿದಾರರ ಪ್ರಕರಣದಲ್ಲಿ ಹೈಕೋರ್ಟ್ ಆ ಬೀಗವನ್ನು ಸದ್ದಿಲ್ಲದೆ ಸಡಿಲಿಸಿತು. ಅಲ್ಲಿ ಹೈಕೋರ್ಟ್ ಎಂದರೆ ನಮ್ಮ ಸುಪ್ರೀಂ ಕೋರ್ಟಿನ ಸ್ಥಾನದ್ದು. ಕಾಯ್ದೆ ಕೊಟ್ಟ ಅಧಿಕಾರದ ಎಲ್ಲೆ ಮೀರಿ ಮಾಡಿದ ತೀರ್ಮಾನ, ಆ ಕಾಯ್ದೆಯಡಿ ಮಾಡಿದ ತೀರ್ಮಾನವೇ ಅಲ್ಲ. ಹಾಗಾಗಿ ಬೀಗ ಅದಕ್ಕೆ ತಾಗುವುದಿಲ್ಲ ಎಂಬುದು ಅವರ ತರ್ಕ. ನಮ್ಮಲ್ಲಿಯೂ 1997ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ನ್ಯಾಯಮಂಡಳಿಗಳ ಮೇಲಿನ ಹೈಕೋರ್ಟುಗಳ ಪರಾಮರ್ಶೆಯ ಅಧಿಕಾರವನ್ನು ಕಿತ್ತುಕೊಳ್ಳುವಂತಿಲ್ಲ ಎಂದಿತಲ್ಲ, ಅದೇ ಜಾಡು.

ಗುಪ್ತನಾಮ ಎಂದೆ. ಊರಿನವರಿಗೆ ಗೊತ್ತಾದೀತೇ ಎಂಬ ಭಯ ನಿಮಗಿದ್ದರೆ ಬಿಡಿ. ರಕ್ಷಣಾ ವೀಸಾ ಅರ್ಜಿದಾರರ ಹೆಸರನ್ನು ಅಲ್ಲಿನ ಕೋರ್ಟುಗಳು ಪ್ರಕಟಿಸುವಂತಿಲ್ಲ. ನಿಮ್ಮ ಹುಡುಗನಿಗೂ ನಾಲ್ಕೈದು ಅಕ್ಷರಗಳ ಒಂದು ವಿಚಿತ್ರ ಹೆಸರು ಸಿಗುತ್ತದೆ, ಲಾರಿ ನಂಬರಿನ ಹಾಗೆ.

ಈಗ ಆದೇಶಕ್ಕೆ ಬರೋಣ. ನ್ಯಾಯಮಂಡಳಿ ಮೂರು ಮಾತು ಹೇಳಿದೆ. ಹಲ್ಲೆಯ ಕಥೆಯನ್ನು ನಂಬಲಾಗದು, ಏಕೆಂದರೆ ಹೇಳಿಕೆಗಳಲ್ಲಿ ಪರಸ್ಪರ ವಿರೋಧವಿದೆ. ನಂಬಿದರೂ ಬೆಂಗಳೂರಿನಲ್ಲಿ ಬದುಕಬಹುದು, ಅಲ್ಲಿಯವರೆಗೆ ಬೆನ್ನಟ್ಟುವವರು ಯಾರೂ ಕಾಣುವುದಿಲ್ಲ. ಮತ್ತು ಭಾರತದಲ್ಲಿ ಪೊಲೀಸ್ ಇದೆ, ನ್ಯಾಯಾಲಯವಿದೆ.

ಭಾರತದಿಂದ ಹೋದ ಅರ್ಜಿಗಳು ಹೆಚ್ಚಾಗಿ ಮುಗ್ಗರಿಸುವುದು ಎರಡನೆಯ ಮತ್ತು ಮೂರನೆಯ ಮಾತುಗಳಲ್ಲಿ. 1958ರ ವಲಸೆ ಕಾಯ್ದೆಯ ಈಗಿನ ರೂಪದಲ್ಲಿ, ನಿರಾಶ್ರಿತ ಎನಿಸಿಕೊಳ್ಳಲು ಅಪಾಯದ ನಿಜವಾದ ಸಾಧ್ಯತೆ ತಾಯ್ನಾಡಿನ ಎಲ್ಲ ಭಾಗಗಳಿಗೂ ಹಬ್ಬಿರಬೇಕು. ಚನ್ನಗಿರಿಯಲ್ಲಿ ಅಪಾಯವಿದ್ದು ಬೆಂಗಳೂರಿನಲ್ಲೋ ಪುಣೆಯಲ್ಲೋ ಇಲ್ಲವೆಂದರೆ ಕಥೆ ಅಲ್ಲಿಗೇ ಮುಗಿಯಿತು. ಪರಿಣಾಮಕಾರಿ ರಕ್ಷಣೆ ಇದೆಯೇ ಎಂದು ನೋಡುವಾಗ ಕ್ರಿಮಿನಲ್ ಕಾನೂನು, ಸಾಕಷ್ಟು ಕೆಲಸ ಮಾಡುವ ಪೊಲೀಸ್, ನಿಷ್ಪಕ್ಷಪಾತ ನ್ಯಾಯಾಂಗ ಇವನ್ನು ಲೆಕ್ಕ ಹಾಕುತ್ತಾರೆ. ಮರ್ಯಾದೆಗೇಡು ಹತ್ಯೆಗಳ ವಿಷಯದಲ್ಲಿ 2018ರ ಮಾರ್ಚ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ವಿಶೇಷ ಘಟಕ, ಸುರಕ್ಷಿತ ವಸತಿ ಎಂದೆಲ್ಲ ನಿರ್ದೇಶನ ಕೊಟ್ಟಿತು. ಕಾಗದದ ಮೇಲೆ ಇಷ್ಟು ಒಳ್ಳೆಯ ನಿರ್ದೇಶನವಿರುವುದೇ ಪರದೇಶದಲ್ಲಿ ನಮ್ಮವರ ಅರ್ಜಿಗೆ ಅಡ್ಡಿಯಾಗಬಲ್ಲದು ಎಂಬುದು ಕಹಿ ಹಾಸ್ಯ. ಆ ನಿರ್ದೇಶನಗಳು ನಮ್ಮ ಠಾಣೆಗಳಲ್ಲಿ ಎಷ್ಟರಮಟ್ಟಿಗೆ ಉಸಿರಾಡುತ್ತಿವೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಅದನ್ನು ಸಾಕ್ಷ್ಯಸಹಿತ ಹೇಳಬೇಕಿದ್ದದ್ದೂ ನ್ಯಾಯಮಂಡಳಿಯ ಮುಂದೆಯೇ.

ನಿರಾಶ್ರಿತ ಎಂಬ ಮಾನದಂಡದಲ್ಲಿ ಸೋತರೆ ಪೂರಕ ರಕ್ಷಣೆ ಎಂಬ ಇನ್ನೊಂದು ಮಾನದಂಡವಿದೆ, ನಿರಾಶ್ರಿತನಲ್ಲದಿದ್ದರೂ ಮರಳಿದರೆ ಗಂಭೀರ ಹಾನಿಯಾಗುವವರಿಗಾಗಿ. ಅಲ್ಲಿ ಬೇರೆ ಊರಿಗೆ ಹೋಗಿ ಇರುವುದು ಆ ವ್ಯಕ್ತಿಯ ಮಟ್ಟಿಗೆ ಸಮಂಜಸವೇ ಎಂಬ ಪ್ರಶ್ನೆಯನ್ನು ಕೇಳಲೇಬೇಕು. ಮೊದಲನೆಯದರಲ್ಲಿ ಆ ಪ್ರಶ್ನೆ ಇಲ್ಲ. ಎರಡನ್ನೂ ಕಲಸಿ, ಮೇಲಿನ ಕಾರಣಗಳಿಗಾಗಿಯೇ ಇದೂ ಇಲ್ಲ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರೆ ಅಲ್ಲಿ ಬಿರುಕು ಹುಡುಕಬಹುದು. ನೀವು ಕಳಿಸಿದ ಪುಟಗಳಲ್ಲಿ ಆ ಭಾಗ ಇಲ್ಲ. ಪೂರ್ತಿ ಆದೇಶ ಬೇಕು.

ಮೊದಲನೆಯ ಮಾತು, ನಂಬಿಕೆಯದು. ಯಾರನ್ನು ನಂಬಬೇಕು ಎಂಬುದು ನ್ಯಾಯಮಂಡಳಿಯ ಹೊಲ, ಕೋರ್ಟು ಅದರೊಳಗೆ ಕಾಲಿಡುವುದಿಲ್ಲ. ತಪ್ಪಾಗಿ ನಂಬದೆ ಹೋದರು ಎಂದರೆ ಸಾಲದು. ಆದರೆ ನಿಮ್ಮ ಹುಡುಗನ ಆದೇಶದ ಮೊದಲ ಪುಟದಲ್ಲೇ ಇಲಾಖೆಯ ಅಧಿಕಾರಿ ಹಲ್ಲೆ ನಡೆದದ್ದನ್ನು ಒಪ್ಪಿ, ಬೆಂಗಳೂರಿಗೆ ಹೋಗಬಹುದಿತ್ತು ಎಂಬ ಕಾರಣಕ್ಕೆ ಮಾತ್ರ ತಿರಸ್ಕರಿಸಿದ್ದರು ಎಂದಿದೆ. ನ್ಯಾಯಮಂಡಳಿ ಹಿಂದಕ್ಕೆ ಹೋಗಿ ಹಲ್ಲೆಯನ್ನೇ ಅಲ್ಲಗಳೆಯಿತು. ಹಾಗೆ ಮಾಡುವ ಅಧಿಕಾರ ಅದಕ್ಕಿದೆ. ಆದರೆ ಹಲ್ಲೆಯೂ ಈಗ ಚರ್ಚೆಯ ವಿಷಯ ಎಂದು ವಿಚಾರಣೆಯಲ್ಲಿ ಅವನಿಗೆ ಸುಳಿವು ಕೊಡಬೇಕಿತ್ತು. 2006ರಲ್ಲಿ ಎಸ್‌ಝಡ್‌ಬಿಇಎಲ್ ಎಂಬ ಗುಪ್ತನಾಮದ ಪ್ರಕರಣದಲ್ಲಿ ಹೈಕೋರ್ಟ್ ಹೇಳಿದ್ದು ಇದನ್ನೇ. ಸುಳಿವು ಕೊಟ್ಟರೋ ಇಲ್ಲವೋ ಎಂಬುದಕ್ಕೆ ಆದೇಶ ಸಾಕ್ಷಿಯಲ್ಲ, ಧ್ವನಿಮುದ್ರಣ ಸಾಕ್ಷಿ.

ಇನ್ನು ಆ ವಿರೋಧ ಯಾವುದು? ನಾನು ನಿಮ್ಮ ಪುಟಗಳ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಹೊಡೆದದ್ದು ಅಲ್ಲಿಯೇ. ಲಿಖಿತ ಅರ್ಜಿಯಲ್ಲಿ ಹುಡುಗಿ ತಂದೆ ತಾಯಿಗೆ ಒಬ್ಬಳೇ ಮಗಳು ಎಂದಿದೆ. ವಿಚಾರಣೆಯಲ್ಲಿ ಅವನು, ಹೊಡೆದವನು ಅವಳ ಸಹೋದರ, ಅವನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ ಎಂದನೆಂದು ಇಂಗ್ಲಿಷಿನಲ್ಲಿ ದಾಖಲಾಗಿದೆ. ಇಲ್ಲದ ಸಹೋದರ ಹೇಗೆ ಹೊಡೆದ, ಇದು ಕಟ್ಟುಕಥೆ ಎಂದಿತು ನ್ಯಾಯಮಂಡಳಿ.

ಮೇಷ್ಟ್ರೇ, ನಮ್ಮ ಹುಡುಗ ಕನ್ನಡದಲ್ಲಿ ಯಾವ ಪದ ಬಳಸಿರುತ್ತಾನೆ? ಅವಳ ಅಣ್ಣ ಎಂದಿರುತ್ತಾನೆ. ದೊಡ್ಡಪ್ಪನ ಮಗ ನಮಗೆ ಅಣ್ಣನೇ. ದಾವಣಗೆರೆಯಲ್ಲಿ ಯಾರೂ ಅದನ್ನು ಬಿಡಿಸಿ ಹೇಳುವುದಿಲ್ಲ, ಕೇಳುವವರೂ ಇಲ್ಲ. ದುಭಾಷಿ ಅದನ್ನು ಒಡಹುಟ್ಟಿದವನೆಂದು ಮಾಡಿದರೆ ಮೂರು ತಿಂಗಳ ತಯಾರಿ ಒಂದು ಪದದಲ್ಲಿ ಕುಸಿಯುತ್ತದೆ. ಇದು ನನ್ನ ಊಹೆ, ಆದರೆ ಆಧಾರವಿಲ್ಲದ ಊಹೆಯಲ್ಲ. ಮೆಲ್ಬರ್ನ್‌ನಲ್ಲಿ ಇಂಥ ವಲಸೆ ಪ್ರಕರಣಗಳ ಕೆಲಸ ಮಾಡುತ್ತಿದ್ದ ವರ್ಷಗಳಲ್ಲಿ, ಹಿರಿಯೂರು ಕಡೆಯ ಹೆಂಗಸೊಬ್ಬರ ವಿಚಾರಣೆಯಲ್ಲಿ ಮಾವ ಎಂಬ ಪದ ಹತ್ತು ನಿಮಿಷದೊಳಗೆ ಗಂಡನ ತಂದೆಯೂ ತಾಯಿಯ ತಮ್ಮನೂ ಆಗಿ, ಇಬ್ಬರು ಒಬ್ಬರಾಗಿ, ಆಕೆ ಸುಳ್ಳುಗಾರ್ತಿಯಾದದ್ದನ್ನು ಧ್ವನಿಮುದ್ರಣದಲ್ಲಿ ನನ್ನ ಕಿವಿಯಾರೆ ಕೇಳಿದ್ದೇನೆ. ಮೊನ್ನೆ ಎಂಬುದು ಇನ್ನೊಂದು ಮೋಸದ ಪದ. ನಮಗದು ಇತ್ತೀಚೆಗೆ ಎಂದೂ ಆಗುತ್ತದೆ. ಇಂಗ್ಲಿಷಿಗೆ ಹೋದಾಗ ಕಟ್ಟುನಿಟ್ಟಾಗಿ ನಿನ್ನೆಯ ಹಿಂದಿನ ದಿನವಾಗಿ, ತಾರೀಖು ತಪ್ಪಿಸುತ್ತದೆ.

ಕೆಟ್ಟ ಭಾಷಾಂತರ ಎಂದಾಕ್ಷಣ ಗೆಲುವಲ್ಲ. 1999ರಲ್ಲಿ ಶ್ರೀಲಂಕಾದ ಅರ್ಜಿದಾರರೊಬ್ಬರ ಪ್ರಕರಣದಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಅಳತೆಗೋಲು ಕೊಟ್ಟಿದೆ. ಭಾಷಾಂತರ ಪರಿಪೂರ್ಣವಾಗಿರಬೇಕಿಲ್ಲ, ಆದರೆ ಅರ್ಜಿದಾರ ತನ್ನ ಸಾಕ್ಷ್ಯವನ್ನು ಹೇಳಲಾರದಷ್ಟು ದೋಷವಿದ್ದು, ಆ ದೋಷ ತೀರ್ಮಾನಕ್ಕೆ ಮುಖ್ಯವಾದ ವಿಷಯದಲ್ಲೇ ಆಗಿದ್ದರೆ ವಿಚಾರಣೆ ವಿಚಾರಣೆಯಾಗಿ ಉಳಿಯುವುದಿಲ್ಲ. ಅಲ್ಲೊಂದು ಇಲ್ಲೊಂದು ಪದ ಜಾರಿದರೆ ಕೋರ್ಟು ಕಿವಿಗೊಡುವುದಿಲ್ಲ. ನಿಮ್ಮಲ್ಲಿ ಜಾರಿದ್ದು ಇಡೀ ಕಟ್ಟಡದ ಕಂಬವೇ ಎಂದು ತೋರಿಸಬೇಕು.

ಇಲ್ಲೊಂದು ತೊಡಕಿದೆ, ಅನುಭವವಿಲ್ಲದ ವಕೀಲರು ಇದರಲ್ಲಿಯೇ ಸೋಲುತ್ತಾರೆ. ಲೋಪ ಇದ್ದರೆ ಸಾಲದು, ಲೋಪವಿಲ್ಲದಿದ್ದರೆ ತೀರ್ಮಾನ ಬೇರೆಯಾಗುವ ವಾಸ್ತವಿಕ ಸಾಧ್ಯತೆ ಇತ್ತು ಎಂದೂ ಕಾಣಬೇಕು. 2024ರಲ್ಲಿ ಹೈಕೋರ್ಟ್ ಈ ಹೊಸ್ತಿಲು ಎತ್ತರದ್ದಲ್ಲ ಎಂದು ಸ್ಪಷ್ಟಪಡಿಸಿತು, ನಿಜ. ಆದರೂ ಸರ್ಕಾರದ ಪರ ವಕೀಲರು ಸುಲಭವಾಗಿ ಹೇಳುವ ಮಾತಿದು: ಅಣ್ಣನ ಗೊಂದಲ ಬಿಡಿ, ನಂಬಿದರೂ ಬೆಂಗಳೂರಿನಲ್ಲಿ ಇರಬಹುದು ಎಂದು ನ್ಯಾಯಮಂಡಳಿ ಪ್ರತ್ಯೇಕವಾಗಿ ಹೇಳಿದೆಯಲ್ಲ; ಆ ಕಾಲು ಗಟ್ಟಿಯಾಗಿರುವಾಗ ಈ ಕಾಲು ಮುರಿದರೇನು? ಎಷ್ಟೋ ಪ್ರಕರಣಗಳಿಗೆ ಇದೇ ಕೊನೆಯ ಮೊಳೆ.

ನಿಮ್ಮ ಹುಡುಗನ ಪುಟಗಳನ್ನು ಮತ್ತೆ ಓದಿ. ಬೆಂಗಳೂರಿನಲ್ಲಿ ಬೆನ್ನಟ್ಟುವವರು ಯಾರೂ ಕಾಣುವುದಿಲ್ಲ ಎಂದು ನ್ಯಾಯಮಂಡಳಿ ಹೇಳಿದ್ದೇಕೆ? ಬೆಂಗಳೂರಿನಲ್ಲಿ ಕೆಲಸ ಮಾಡುವ ಆ ಅಣ್ಣ ಇಲ್ಲವೇ ಇಲ್ಲ ಎಂದುಕೊಂಡದ್ದರಿಂದ. ಬೇರೆ ಬೇರೆ ಕಾಣುವ ಎರಡು ಕಾಲುಗಳೂ ಒಂದೇ ಪದದ ಮೇಲೆ ನಿಂತಿವೆ. ಪೊಲೀಸ್ ರಕ್ಷಣೆಯ ಮೂರನೆಯ ಕಾಲು ಇದರಿಂದ ಎಷ್ಟು ಅಲುಗುತ್ತದೆ ಎಂಬುದು ಪೂರ್ತಿ ಆದೇಶ ಓದಿದ ಮೇಲೆ ತಿಳಿಯಬೇಕು; ಅದು ಸ್ವತಂತ್ರವಾಗಿ ನಿಂತಿದ್ದರೆ ಪ್ರಕರಣ ಕಷ್ಟ ಎಂದು ನಾನೇ ಮೊದಲು ಹೇಳುತ್ತೇನೆ.

ಎಫ್‌ಐಆರ್ ಸಲ್ಲಿಸದ ಏಜೆಂಟರ ಬಗ್ಗೆ ಬರೆದಿದ್ದೀರಿ. 2007ರಲ್ಲಿ ಎಸ್‌ಝಡ್‌ಎಫ್‌ಡಿಇ ಪ್ರಕರಣದಲ್ಲಿ, ವಕೀಲನಲ್ಲದವನೊಬ್ಬ ವಕೀಲನೆಂದು ಹೇಳಿಕೊಂಡು, ವಿಚಾರಣೆಗೆ ಹೋಗಬೇಡಿ ಎಂದು ಒಂದು ಕುಟುಂಬವನ್ನು ವಂಚಿಸಿದ್ದ. ಆ ವಂಚನೆ ನ್ಯಾಯಮಂಡಳಿಯ ಪ್ರಕ್ರಿಯೆಯನ್ನೇ ಹಾಳುಗೆಡವಿತು ಎಂದು ಹೈಕೋರ್ಟ್ ಕುಟುಂಬದ ಪರ ನಿಂತಿತು. ಆದರೆ ವಂಚನೆ ಬೇರೆ, ಸೋಮಾರಿತನ ಬೇರೆ. ಮರೆತರು, ಉದಾಸೀನ ಮಾಡಿದರು ಎಂಬುದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಏಜೆಂಟರ ತಪ್ಪಿನ ಭಾರ ಹೊರುವವನು ಅರ್ಜಿದಾರನೇ. ಇದು ನ್ಯಾಯವೇ ಎಂದರೆ, ನನಗೆ ಹಾಗನ್ನಿಸುವುದಿಲ್ಲ.

ಈಗ ಅದೇ ಏಜೆಂಟರು ಕೋರ್ಟಿನ ಹಣ ಕೇಳುತ್ತಿದ್ದಾರೆ. ವಲಸೆ ಏಜೆಂಟ್ ನೋಂದಣಿ ಇದ್ದರೂ ವಕೀಲರಲ್ಲದವರು ಆ ನ್ಯಾಯಾಲಯದಲ್ಲಿ ನಿಮ್ಮ ಹುಡುಗನನ್ನು ಪ್ರತಿನಿಧಿಸುವಂತಿಲ್ಲ. ಅಷ್ಟೇ ಅಲ್ಲ, ವಲಸೆ ಪ್ರಕರಣ ದಾಖಲಿಸುವ ವಕೀಲರು, ಗೆಲ್ಲುವ ಸಮಂಜಸ ಅವಕಾಶವಿದೆ ಎಂದು ನಂಬಲು ಆಧಾರಗಳಿವೆ ಎಂದು ಲಿಖಿತವಾಗಿ ಪ್ರಮಾಣೀಕರಿಸಬೇಕು ಎನ್ನುತ್ತದೆ ಕಾಯ್ದೆ. ಅವಕಾಶವೇ ಇಲ್ಲದ ದಾವೆಗೆ ಹುರಿದುಂಬಿಸಿದವರ ಮೇಲೆ ಕೋರ್ಟು ವೆಚ್ಚ ಹೇರಬಹುದು. ಆದ್ದರಿಂದ ಏಜೆಂಟರಿಗೆ ಒಂದೇ ಪ್ರಶ್ನೆ ಕೇಳಿ: ಆ ಪ್ರಮಾಣಪತ್ರಕ್ಕೆ ಸಹಿ ಹಾಕುವ ವಕೀಲರು ಯಾರು, ಅವರೊಂದಿಗೆ ನೇರವಾಗಿ ಮಾತಾಡಬಹುದೇ? ಗೆಲುವು ಖಚಿತ ಎಂದವರ ದನಿ ಅಲ್ಲಿ ಬದಲಾಗುವುದನ್ನು ನೋಡಿ. ಮೆಲ್ಬರ್ನ್‌ನಲ್ಲಿ ವಿಕ್ಟೋರಿಯಾ ಕಾನೂನು ನೆರವು ಸಂಸ್ಥೆ ಇದೆ, ಆಶ್ರಯ ಕೋರುವವರಿಗಾಗಿಯೇ ಇರುವ ಅಸೈಲಂ ಸೀಕರ್ ರಿಸೋರ್ಸ್ ಸೆಂಟರ್ ಇದೆ. ಮೊದಲು ಆ ಬಾಗಿಲುಗಳನ್ನು ತಟ್ಟಲಿ. ಎಲ್ಲರನ್ನೂ ಅವರು ತೆಗೆದುಕೊಳ್ಳಲಾರರು, ಆದರೆ ತೆಗೆದುಕೊಳ್ಳದಿದ್ದರೆ ಏಕೆಂದು ಹೇಳುವ ಮಾತಿಗೂ ಬೆಲೆಯಿದೆ.

ಕೋರ್ಟಿಗೆ ಹಾಕಿ, ಎರಡು ಮೂರು ವರ್ಷ ಕೆಲಸ ಮಾಡಿಕೊಂಡು ಇರಬಹುದು ಎಂಬ ಸಲಹೆಯೂ ಇಂದಲ್ಲ ನಾಳೆ ಬರುತ್ತದೆ. ಸೋತವರು ಸರ್ಕಾರದ ವೆಚ್ಚವನ್ನೂ ತೆರಬೇಕು. ಅಂತಿಮ ವಿಚಾರಣೆವರೆಗೆ ಹೋಗಿ ಸೋತರೆ ಎಂಟು ಸಾವಿರ ಡಾಲರ್ ಆಸುಪಾಸು. ಅದು ಸರ್ಕಾರದ ಸಾಲವಾಗಿ ಉಳಿದು, ಮುಂದೆ ಯಾವ ವೀಸಾ ಕೇಳಿದರೂ ಎದುರಿಗೆ ಬಂದು ನಿಲ್ಲುತ್ತದೆ. ದಾಖಲಿಸುವ ಶುಲ್ಕ ಬೇರೆ, ಕಷ್ಟದಲ್ಲಿರುವವರಿಗೆ ಅದರಲ್ಲಿ ಕಡಿತ ಉಂಟು. ಗೆದ್ದರೆ ಕಡತ ಮತ್ತೆ ನ್ಯಾಯಮಂಡಳಿಗೆ ಹೋಗುತ್ತದೆ. ಆಗ ನಿಮ್ಮ ಎಫ್‌ಐಆರ್‌ಗೆ ಜೀವ ಬರುತ್ತದೆ, ದೃಢೀಕೃತ ಪ್ರತಿ ತೆಗೆಸಿ ಇಡಿ. ಹಿರಿಯರ ಪತ್ರದಲ್ಲಿ ಮಾತ್ರ ನಡೆದದ್ದಕ್ಕಿಂತ ಒಂದು ಸಾಲು ಹೆಚ್ಚು ಬರೆಸಬೇಡಿ. ನಿಜವಾದ ಹಲ್ಲೆಗೆ ಸುಳ್ಳು ಮೆತ್ತಿದರೆ ಎರಡೂ ಸುಳ್ಳಾಗುತ್ತವೆ.

ಇಲ್ಲಿ ಕೇಸು ಆಗುತ್ತದೆಯೇ ಎಂದಿರಿ. ಬೇರೆ ದೇಶದಲ್ಲಿ ಆಶ್ರಯ ಕೇಳಿದ್ದು ನಮ್ಮ ಕಾನೂನಿನಲ್ಲಿ ಅಪರಾಧವಲ್ಲ. ಖೋಟಾ ದಾಖಲೆ ಸೃಷ್ಟಿಸಿದರೆ ಅದು ಬೇರೆ ವಿಷಯ. ಅಲ್ಲಿ ವೀಸಾ ಮುಗಿದು ಅಕ್ರಮವಾಗಿ ಉಳಿದು ಆಮೇಲೆ ಹೊರಟರೆ ಅಲ್ಲಿಗೆ ಮತ್ತೆ ತಾತ್ಕಾಲಿಕ ವೀಸಾ ಪಡೆಯಲು ಮೂರು ವರ್ಷಗಳ ನಿರ್ಬಂಧ ಎದುರಾಗಬಹುದು. ಅಜ್ಜಿಗೆ ಹುಷಾರಿಲ್ಲವೆಂದು ಈಗ ಓಡಿಬಂದರೆ ಬ್ರಿಡ್ಜಿಂಗ್ ವೀಸಾ ಅಲ್ಲಿಗೇ ಮುಗಿಯುತ್ತದೆ, ಭಯವಿದೆ ಎಂಬ ಮಾತಿಗೂ ಬೆಲೆ ಉಳಿಯುವುದಿಲ್ಲ. ಇನ್ನೊಂದು ರಕ್ಷಣಾ ಅರ್ಜಿ ಹಾಕೋಣವೆಂದರೆ, ಒಮ್ಮೆ ತಿರಸ್ಕೃತರಾದವರು ಆಸ್ಟ್ರೇಲಿಯಾದೊಳಗಿದ್ದುಕೊಂಡು ಮತ್ತೆ ಹಾಕಲು ಸಚಿವರ ಅನುಮತಿ ಬೇಕು.

ಇವತ್ತು ರಾತ್ರಿ ಹುಡುಗನಿಗೆ ಫೋನ್ ಮಾಡಿ, ವಿಚಾರಣೆಯ ಧ್ವನಿಮುದ್ರಣವನ್ನು ನ್ಯಾಯಮಂಡಳಿಯಿಂದ ಕೇಳಿ ಪಡೆಯಲು ಹೇಳಿ. ಬಂದ ಮೇಲೆ ನಿಮಗೂ ಕಳಿಸಲಿ. ನೀವು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರು ಎಂದು ಪತ್ರದ ಕೈಬರಹವೇ ಹೇಳುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೂತು, ಅಣ್ಣ ಎಂಬ ಪದ ಬಂದಲ್ಲೆಲ್ಲ ನಿಮಿಷ, ಸೆಕೆಂಡು, ಅವನು ಹೇಳಿದ ಕನ್ನಡ ವಾಕ್ಯ, ದುಭಾಷಿ ಹೇಳಿದ ಇಂಗ್ಲಿಷ್ ವಾಕ್ಯ ಎಲ್ಲವನ್ನೂ ಬರೆದಿಡಿ. ಕೋರ್ಟಿಗೆ ಅದನ್ನು ಕೊಡಲು ಪ್ರಮಾಣಿತ ಅನುವಾದಕರೇ ಬೇಕು, ನಿಮ್ಮ ಪಟ್ಟಿ ನಡೆಯುವುದಿಲ್ಲ. ಆದರೆ ಅನುವಾದಕರಿಗೆ ಹಣ ಕೊಡುವ ಮೊದಲು, ಅವರು ಯಾವ ನಿಮಿಷದಲ್ಲಿ ಏನನ್ನು ಕೇಳಿಸಿಕೊಳ್ಳಬೇಕು ಎಂಬುದು ವಕೀಲರಿಗೆ ಗೊತ್ತಿರಬೇಕು. ಎಫ್‌ಐಆರ್‌ನಲ್ಲಿ ಹೊಡೆದವನನ್ನು ಹುಡುಗಿಯ ದೊಡ್ಡಪ್ಪನ ಮಗ ಎಂದೇ ಬರೆದಿದೆಯೇ ಎಂಬುದನ್ನೂ ನೋಡಿ ನನಗೆ ತಿಳಿಸಿ.